ಹೀಟ್ ಆಗುವ ಹಳೇ ಕಾರು ಲಡಾಖ್ ಹತ್ತುತ್ತದಾ?

ಪ್ರಶ್ನೆ: ನಾನು ಚಿತ್ರದುರ್ಗದವನು. ನನ್ನ ಹತ್ತಿರ 2013ರ ಡೀಸೆಲ್ ಹ್ಯಾಚ್‌ಬ್ಯಾಕ್ ಇದೆ. 1,40,000 ಕಿಲೋಮೀಟರ್ ಓಡಿದೆ. ಬರುವ ಸೆಪ್ಟೆಂಬರ್‌ನಲ್ಲಿ ನಾಲ್ವರು ಗೆಳೆಯರು ಸೇರಿ ಇದೇ ಕಾರಲ್ಲಿ ಲೇಹ್‌ಗೆ ಹೋಗಿ ಬರಬೇಕು ಅಂತಿದ್ದೇವೆ. ತೊಂದರೆ ಅಂದರೆ ಕಾರು ಹೀಟ್ ಆಗುತ್ತದೆ. ಊರೊಳಗೆ ಸರಿ ಇರುತ್ತದೆ. ಹೈವೇಯಲ್ಲಿ ಎಸಿ ಹಾಕಿ 100ರಲ್ಲಿ ಹೋದರೆ ಮುಳ್ಳು ಮೇಲೇರುತ್ತದೆ. ಹಿಂದೊಮ್ಮೆ ಮುಳ್ಳಯ್ಯನಗಿರಿ ಹತ್ತುವಾಗ ಕೆಂಪು ಗೆರೆ ಮುಟ್ಟಿತ್ತು. ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದ ಮೇಲೆ ಸ್ವಲ್ಪ ವಾಸಿ. ಕ್ಲಚ್ ಕೂಡ ತುಂಬಾ ಮೇಲೆ ಹಿಡಿಯುತ್ತಿದೆ. ಮನೆಯವರು ಬೇಡವೇ ಬೇಡ ಅಂತಾರೆ. ಗೆಳೆಯರು ಏನೂ ಆಗಲ್ಲ ಅಂತಾರೆ. ಹೋಗಬಹುದಾ? ಮನಾಲಿ ಮೇಲೆ ಹೋಗುವುದಾ, ಶ್ರೀನಗರದ ಮೇಲೆ ಹೋಗುವುದಾ?

ಉತ್ತರ: ಹೋಗಬಹುದು. ಆದರೆ ಈಗ ಇರುವ ಹಾಗೆ ಬೇಡ.

ಕಾರು ಹಳೆಯದು ಅನ್ನುವುದು ನನಗೆ ಚಿಂತೆಯೇ ಅಲ್ಲ. ಲೇಹ್ ದಾರಿಯಲ್ಲಿ ನಿಮ್ಮದಕ್ಕಿಂತ ಹಳೇ ಗಾಡಿಗಳು ದಿನಾ ಓಡಾಡುತ್ತವೆ. ಸಣ್ಣ ಕಾರು ಅನ್ನುವುದೂ ಅಡ್ಡಿಯಿಲ್ಲ. ಫೋರ್ ಬೈ ಫೋರ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಸುಮ್ನೆ ಹೆದರಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಎರಡೂ ಹೆದ್ದಾರಿಯಲ್ಲಿ ಸಣ್ಣ ಕಾರುಗಳು ಹೋಗಿಬರುತ್ತವೆ. ನನ್ನ ಚಿಂತೆ ಬೇರೆ. ನಿಮ್ಮ ಕಾರು ಯಾಕೆ ಹೀಟ್ ಆಗುತ್ತಿದೆ ಅಂತ ಇವತ್ತಿನವರೆಗೆ ಯಾರೂ ಹುಡುಕಿಲ್ಲ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಕಾದ ಮೇಲಷ್ಟೇ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್. ಅದನ್ನು ತೆಗೆದು ಮುಳ್ಳನ್ನು ಸ್ವಲ್ಪ ಕೆಳಗಿಳಿಸಿದ್ದಾರೆ, ಅಷ್ಟೇ.

ಎತ್ತರಕ್ಕೆ ಹೋದರೆ ಹೊಸ ಕಾರು ಕೂಡ ಒಂದಷ್ಟು ತಕರಾರು ಮಾಡುತ್ತದೆ. ಪಿಕಪ್ ಬೀಳುತ್ತದೆ, ಹೊಗೆ ಬರುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ. ಅವು ಬೆಟ್ಟದ ತಕರಾರು. ಕೆಳಗಿಳಿದರೆ ತಾನಾಗೇ ಹೋಗುತ್ತವೆ. ಕಾರಿನ ತಕರಾರು ಹಾಗೆ ಹೋಗುವುದಿಲ್ಲ, ಪ್ರತಿ ಕಿಲೋಮೀಟರಿಗೂ ಬೆಳೆಯುತ್ತದೆ. ಮನೆಯಿಂದಲೇ ಕಾಯಿಲೆ ಹೊತ್ತುಕೊಂಡು ಹೋದರೆ ಅಲ್ಲಿ 5,000 ಮೀಟರ್ ಎತ್ತರದಲ್ಲಿ, ತಲೆನೋವಿನ ನಡುವೆ, ಇದು ಬೆಟ್ಟದ್ದೋ ಕಾರಿನದ್ದೋ ಅಂತ ನಿಮಗೆ ಗೊತ್ತಾಗುವುದೇ ಇಲ್ಲ. ಆಗಲೇ ಜನ ತಪ್ಪು ನಿರ್ಧಾರ ಮಾಡುವುದು. ಸರಿ ಇರುವ ಕಾರನ್ನು ಬಿಚ್ಚಿಸುತ್ತಾರೆ, ಕೆಟ್ಟ ಕಾರನ್ನು ಓಡಿಸುತ್ತಾರೆ.

ಹಾಗಾಗಿ ಮೊದಲು ಹೀಟ್ ವಿಷಯ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಊರೊಳಗೆ, ಸಿಗ್ನಲ್‌ನಲ್ಲಿ ನಿಂತಾಗ ಸರಿ ಇದೆ ಅಂದರೆ ರೇಡಿಯೇಟರ್ ಫ್ಯಾನ್ ಕೆಲಸ ಮಾಡುತ್ತಿದೆ. ಫ್ಯಾನ್ ಕೆಟ್ಟಿದ್ದರೆ ನಿಂತಾಗಲೇ ಕಾಯಬೇಕಿತ್ತು. ನಿಮ್ಮದು ಲೋಡ್ ಬಿದ್ದಾಗ ಮಾತ್ರ ಕಾಯುತ್ತದೆ. ಅಂದರೆ ಎಂಜಿನ್ ಹುಟ್ಟಿಸುವಷ್ಟು ಬಿಸಿಯನ್ನು ರೇಡಿಯೇಟರ್ ಹೊರಗೆ ಹಾಕಲು ಆಗುತ್ತಿಲ್ಲ. ನಮ್ಮ ಕಡೆ ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ.

ಒಂದು, ಬೋರ್‌ವೆಲ್ ನೀರು. ಚಿತ್ರದುರ್ಗ ಸೀಮೆಯ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ನೋಡಿದರೆ ಗೊತ್ತಾಗುತ್ತದೆ ಅಲ್ವಾ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರ್‌ಗೆ ಸುರಿದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಎರಡು, ಹೊಟ್ಟು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡುತ್ತಾರಲ್ಲ, ಅದರ ಮೇಲೆ ಹೋದ ಕಾರುಗಳನ್ನು ಬಿಚ್ಚಿದಾಗ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಹೊಟ್ಟು, ದೂಳು ಸೇರಿ ಕಂಬಳಿಯಂತೆ ಕೂತಿರುತ್ತದೆ. ದಾವಣಗೆರೆಯ ಕಾರುಗಳಲ್ಲಿ ಭತ್ತದ ಹೊಟ್ಟೂ ಸಿಗುತ್ತದೆ. ಮುಂದಿನಿಂದ ನೋಡಿದರೆ ಏನೂ ಕಾಣಿಸುವುದಿಲ್ಲ. ವಾಟರ್ ವಾಶ್‌ನಲ್ಲಿ ಮುಂದಿನಿಂದ ಪ್ರೆಶರ್ ಹೊಡೆದರೆ ಇನ್ನೂ ಒಳಗೆ ತಳ್ಳಿದಂತಾಗುತ್ತದೆ. ರೇಡಿಯೇಟರ್ ಕೆಳಗಿಳಿಸಿಯೇ ತೊಳೆಯಬೇಕು. 1,40,000 ಕಿಲೋಮೀಟರ್ ಆಗಿದೆ ಅಂದರೆ, ನನ್ನನ್ನು ಕೇಳಿದರೆ, ತೊಳೆಯುವುದಕ್ಕಿಂತ ಹೊಸ ರೇಡಿಯೇಟರ್ ಹಾಕಿಸುವುದೇ ಲೇಸು. ಅದರ ಜೊತೆಗೆ ವಾಟರ್ ಪಂಪ್, ಎಲ್ಲ ಹೋಸ್ ಪೈಪ್, ಬೆಲ್ಟ್.

ಇದಕ್ಕೂ ಮುಂಚೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್, ಪರೀಕ್ಷೆ ಮಾಡಿಸಿ. ಒಮ್ಮೆ ಕೆಂಪು ಗೆರೆ ಮುಟ್ಟಿದ ಎಂಜಿನ್‌ನಲ್ಲಿ ಗ್ಯಾಸ್ಕೆಟ್ ಸೋರಲು ಶುರುವಾಗಿರಬಹುದು. ಬೆಳಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿ. ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಅನುಮಾನ ಪಡಿ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಕಾಯುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಇನ್ನೂ ಅನುಮಾನ. ಖಚಿತ ಮಾಡಿಕೊಳ್ಳಲು ಬ್ಲಾಕ್ ಟೆಸ್ಟ್ ಅಂತ ಇದೆ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಟ್ಯೂಬ್ ಇಡುತ್ತಾರೆ. ಎಂಜಿನ್ನಿನ ಸುಟ್ಟ ಗಾಳಿ ನೀರಿಗೆ ಬರುತ್ತಿದ್ದರೆ ಆ ದ್ರವದ ಬಣ್ಣ ಹಸಿರಿಗೋ ಹಳದಿಗೋ ತಿರುಗುತ್ತದೆ. ಬಣ್ಣ ಬದಲಾದರೆ ಹೆಡ್ ಇಳಿಸಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಥರ್ಮೋಸ್ಟಾಟ್ ವಾಪಸ್ ಹಾಕಿಸಿ. ನಮ್ಮ ಬಯಲುಸೀಮೆಯ ಗ್ಯಾರೇಜುಗಳಲ್ಲಿ ಇದನ್ನು ಕಿತ್ತು ಎಸೆಯುವುದು ಹಳೇ ಚಾಳಿ. ‘ನಮ್ಮ ಬಿಸಿಲಿಗೆ ಯಾಕೆ ಬೇಕು ಸಾರ್’ ಅಂತಾರೆ. ಕೆಲವು ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ಒಂದಷ್ಟು ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತದೆ, ಲೋಡ್ ಬಿದ್ದಾಗ ಹೀಟ್ ಇನ್ನೂ ಜಾಸ್ತಿಯಾಗುತ್ತದೆ. ಲಡಾಖ್‌ನಲ್ಲಿ ಬೇರೆ ಪಾಡು. ಬೆಳಗಿನ ಚಳಿಯಲ್ಲಿ ಎಂಜಿನ್ ಬೇಗ ಕಾಯುವುದೇ ಇಲ್ಲ. ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಹೊಗೆ ಕಾರುತ್ತದೆ. ಒಳಗೆ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ.

ಈಗ ಎತ್ತರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಿಮ್ಮ ಕಾರಿನ ಕಾಯಿಲೆಗೂ ಇದಕ್ಕೂ ನೇರ ಸಂಬಂಧ ಇದೆ.

ಮನಾಲಿ–ಲೇಹ್ ದಾರಿಯ ಅತಿ ಎತ್ತರದ ಜಾಗ ತಂಗ್‌ಲಂಗ್ ಲಾ, 5,328 ಮೀಟರ್. (ಲಾ ಅಂದರೆ ರಸ್ತೆ ಬೆಟ್ಟ ದಾಟುವ ಜಾಗ, ಪಾಸ್.) ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ. ದಾವಣಗೆರೆಯಲ್ಲಿ 98 ಡಿಗ್ರಿಗೆ ಕುದಿಯುವ ನೀರು ಅಲ್ಲಿ 82–83ಕ್ಕೇ ಕುದಿಯುತ್ತದೆ. ಎಷ್ಟೋ ಎಂಜಿನ್‌ಗಳ ಥರ್ಮೋಸ್ಟಾಟ್ ತೆರೆಯುವುದೇ ಹೆಚ್ಚು ಕಡಿಮೆ 82ರಿಂದ 88 ಡಿಗ್ರಿಗೆ. ಅಂದರೆ ಎಂಜಿನ್ ಸರಿಯಾದ ಬಿಸಿಗೆ ಬರುವ ಹೊತ್ತಿಗೆ ನೀರು ಕುದ್ದು ಉಕ್ಕಬೇಕಿತ್ತು. ಹಾಗಾಗದೆ ಇರುವುದು ರೇಡಿಯೇಟರ್ ಕ್ಯಾಪಿನಿಂದ. ಅದು ಪ್ರೆಶರ್ ಕುಕ್ಕರಿನ ವಿಸಿಲ್ ಇದ್ದ ಹಾಗೆ, ಒಳಗೆ ಒತ್ತಡ ಹಿಡಿದಿಡುತ್ತದೆ. 0.9 ಬಾರ್‌ನ ಕ್ಯಾಪ್ ಸರಿ ಇದ್ದರೆ ತಂಗ್‌ಲಂಗ್ ಲಾದಲ್ಲೂ ಬರೀ ನೀರು 109 ಡಿಗ್ರಿಯ ಹತ್ತಿರದವರೆಗೆ ಕುದಿಯುವುದಿಲ್ಲ. ಅರ್ಧ ಕೂಲಂಟ್ ಬೆರೆಸಿದರೆ ಇನ್ನೂ ಮೇಲೆ ಹೋಗುತ್ತದೆ. ಆ ಕ್ಯಾಪಿನ ರಬ್ಬರ್ ಸತ್ತು, ಸ್ಪ್ರಿಂಗ್ ಸೋತಿದ್ದರೆ ಚಿತ್ರದುರ್ಗದಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ. ತಂಗ್‌ಲಂಗ್ ಲಾದಲ್ಲಿ ಬಾನೆಟ್ ಕೆಳಗಿನಿಂದ ಹಬೆ ಏಳುತ್ತದೆ. ಇಡೀ ಪ್ರವಾಸವನ್ನು ಕೆಡಿಸಬಲ್ಲ, ಕೆಲವೇ ನೂರು ರೂಪಾಯಿಯ ಭಾಗ ಇದು. ಹೊಸದು ಹಾಕಿಸಿ, ಹಳೆಯದರ ಮೇಲೆ ಬರೆದಿರುವ ಒತ್ತಡವೇ ಹೊಸದರ ಮೇಲೂ ಇದೆಯಾ ನೋಡಿ.

ಕೂಲಂಟನ್ನು ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಬೇಕು. ಆ ಹದದಲ್ಲಿ ಅದು ಮೈನಸ್ 35 ಡಿಗ್ರಿ ಆಸುಪಾಸಿನವರೆಗೂ ಹೆಪ್ಪುಗಟ್ಟುವುದಿಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತಲ್ಲ. ಪೂರ್ತಿ ಕೂಲಂಟ್ ಹಾಕಿದರೆ ಬಿಸಿ ಸಾಗಿಸುವ ಶಕ್ತಿಯೇ ಕಡಿಮೆಯಾಗುತ್ತದೆ.

ಇನ್ನು ರೇಡಿಯೇಟರ್‌ಗೆ ಬಡಿಯುವ ಗಾಳಿ. ಅಲ್ಲಿಯ ಗಾಳಿ ತೆಳು, ನಮ್ಮೂರಿನದರ ಮುಕ್ಕಾಲೂ ಇಲ್ಲ. ಆದರೆ ತುಂಬಾ ತಣ್ಣಗಿರುತ್ತದೆ. ಹೊರಗೆ 5 ಡಿಗ್ರಿ, ನೀರು 95 ಡಿಗ್ರಿ ಅಂದರೆ ನಡುವಿನ ಅಂತರ 90. ನಮ್ಮಲ್ಲಿ 35 ಡಿಗ್ರಿ ಬಿಸಿಲಲ್ಲಿ ಆ ಅಂತರ 60 ಮಾತ್ರ. ತೆಳುವಾಗಿ ಕಳೆದುಕೊಂಡದ್ದನ್ನು ತಣ್ಣಗಿದ್ದು ಬಹುಪಾಲು ತಂದುಕೊಡುತ್ತದೆ. ಲೆಕ್ಕ ಹಾಕಿದರೆ ತಂಗ್‌ಲಂಗ್ ಲಾದ ಹಗಲಿಗೂ ಚಿತ್ರದುರ್ಗದ ಬಿಸಿಲಿಗೂ ರೇಡಿಯೇಟರ್ ಪಾಲಿಗೆ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಇದು ನಿಮಗೆ ಒಳ್ಳೆಯ ಸುದ್ದಿ. ಯಾಕೆಂದರೆ ಪರೀಕ್ಷೆಯನ್ನು ಇಲ್ಲೇ ಮಾಡಬಹುದು. ರಿಪೇರಿ ಎಲ್ಲ ಮೇ ತಿಂಗಳೊಳಗೆ ಮುಗಿಸಿ. ಮಳೆ ಹಿಡಿಯುವ ಮೊದಲು, ಮಧ್ಯಾಹ್ನದ ಬಿಸಿಲಲ್ಲಿ, ಅದೇ ನಾಲ್ಕು ಜನ, ಅದೇ ಲಗೇಜು, ಎಸಿ ಹಾಕಿಕೊಂಡು, ಅದೇ ಮುಳ್ಳಯ್ಯನಗಿರಿ ಹತ್ತಿ. ಕಾರು ಸೋತ ಜಾಗದಲ್ಲೇ ಗೆಲ್ಲಬೇಕು. ಮುಳ್ಳು ಅಲ್ಲಾಡದಿದ್ದರೆ ಹೀಟ್ ವಿಷಯ ಮುಗಿಯಿತು. ಜುಲೈ ಮಳೆಯಲ್ಲಿ ಹತ್ತಿಸಿ ‘ನೋಡಿ, ಸರಿ ಇದೆ’ ಅಂದರೆ ಅದು ಲೆಕ್ಕಕ್ಕಿಲ್ಲ.

ಕ್ಲಚ್ ಬಗ್ಗೆ ಹೆಚ್ಚು ಯೋಚನೆ ಬೇಡ, ಬದಲಾಯಿಸಿ. ಇಲ್ಲಿ ಗೇರ್‌ಬಾಕ್ಸ್ ಇಳಿಸಿ ಹಾಕಲು ಒಂದು ದಿನ. ಮನಾಲಿ–ಲೇಹ್ ದಾರಿಯ ಪಾಂಗ್‌ನಲ್ಲಿ ಟೆಂಟ್ ಢಾಬಾಗಳಿವೆ, ಗೇರ್‌ಬಾಕ್ಸ್ ಇಳಿಸುವವರಿಲ್ಲ. ಹೊಸ ಪ್ಲೇಟ್ ಹಾಕಿದ ಮೇಲೆ ಸಾವಿರ ಕಿಲೋಮೀಟರಾದರೂ ಊರಲ್ಲೇ ಓಡಿಸಿ, ಆಮೇಲೆ ಹೊರಡಿ.

ಬೆಟ್ಟದ ತಕರಾರುಗಳಿಗೆ ಬರುತ್ತೇನೆ. ಮೊದಲನೆಯದು ಪಿಕಪ್. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಮೀಟರಿಗೆ ಸುಮಾರು ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮದು ಟರ್ಬೊ ಡೀಸೆಲ್, ಅಷ್ಟು ಕಳೆದುಕೊಳ್ಳುವುದಿಲ್ಲ. ಆದರೆ ಟರ್ಬೊ ಎದ್ದು ಕೂರುವವರೆಗೆ ನಿಮ್ಮ ಎಂಜಿನ್ನೂ ಅರ್ಧ ಉಸಿರಿನದ್ದೇ. ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಆರ್‌ಪಿಎಂ 1,500ಕ್ಕೆ ಬಿದ್ದರೆ ಕಾರು ಸತ್ತಂತೆ ನಿಲ್ಲುತ್ತದೆ. ಜನ ಗಾಬರಿಯಾಗಿ ಕ್ಲಚ್ ಅರ್ಧ ಒತ್ತಿ ಆಕ್ಸಿಲರೇಟರ್ ತುಳಿಯುತ್ತಾರೆ. ಕ್ಲಚ್ ಸುಡುವುದು ಅಲ್ಲೇ. ತಿರುವಿಗೆ ಮೊದಲೇ ಫಸ್ಟ್ ಗೇರಿಗೆ ಬನ್ನಿ, 2,000ದ ಮೇಲೆ ಇಟ್ಟುಕೊಂಡು ಹತ್ತಿ, ಕ್ಲಚ್ ಪೂರ್ತಿ ಬಿಟ್ಟಿರಿ. ನಾಚಿಕೆ ಏನಿಲ್ಲ, ಅಲ್ಲಿ ಎಲ್ಲರೂ ಫಸ್ಟ್ ಗೇರಿನಲ್ಲೇ ಹತ್ತುವುದು.

ಎರಡನೆಯದು ಹೊಗೆ. ಏರಿನಲ್ಲಿ ಒತ್ತಿದಾಗ ಕಪ್ಪು ಹೊಗೆ ಬಂದರೆ ಅದು ಗಾಳಿ ಸಾಲದ ಹೊಗೆ, ಬೆಟ್ಟದ್ದು. ಏರ್ ಫಿಲ್ಟರ್ ಬಿಚ್ಚಿ ದೂಳು ಕೊಡವಿ, ಮುಂದೆ ಹೋಗಿ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಅದರಲ್ಲಿ ಸಿಹಿ ವಾಸನೆ ಇದ್ದರೆ, ಕೂಲಂಟ್ ಉರಿಯುತ್ತಿದೆ ಅಂತ ಅರ್ಥ. ಅದು ಕಾರಿನದ್ದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಅದೂ ಕಾರಿನದ್ದೇ. ಬಿಳಿ ಹೊಗೆಯ ಜೊತೆ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಮುಂದಿನ ಪಾಸ್ ಹತ್ತಬೇಡಿ.

ಮೂರನೆಯದು ಬ್ರೇಕ್. ಪೆಡಲ್ ತುಳಿಯಲು ಹಗುರ ಮಾಡುವ ಬೂಸ್ಟರ್ ಹೊರಗಿನ ಗಾಳಿಯ ಒತ್ತಡವನ್ನೇ ನಂಬಿಕೊಂಡಿದೆ. ಹೊರಗೆ ಒತ್ತಡ ಅರ್ಧ ಆದರೆ ಅದರ ಸಹಾಯವೂ ಹೆಚ್ಚು ಕಡಿಮೆ ಅರ್ಧ. ಪೆಡಲ್ ಗಟ್ಟಿ ಅನಿಸುತ್ತದೆ, ಜಾಸ್ತಿ ಒತ್ತಬೇಕಾಗುತ್ತದೆ. ಇದು ಬೆಟ್ಟದ್ದು. ಪೆಡಲ್ ಮೆತ್ತಗಾಗಿ ಕೆಳಗೆ ಇಳಿದರೆ ಮಾತ್ರ ಕಾರಿನದ್ದು: ಬ್ರೇಕ್ ಆಯಿಲ್ ಕುದ್ದಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿಯವರೆಗೆ ತಾಳಿದರೆ ತೇವ ಹೀರಿದ್ದು 140ಕ್ಕೇ ಕುದಿಯಬಹುದು. ಹೊರಡುವ ಮೊದಲು ಪೂರ್ತಿ ಬದಲಾಯಿಸಿ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸ ನಿಮ್ಮ ಗೆಳೆಯರಲ್ಲಿ ಯಾರಿಗಾದರೂ ಇದ್ದರೆ ಅವರ ಕೈಗೆ ಸ್ಟಿಯರಿಂಗ್ ಕೊಡಬೇಡಿ. ಬೂಸ್ಟರೂ ಇಲ್ಲ, ಪವರ್ ಸ್ಟಿಯರಿಂಗೂ ಇಲ್ಲ, ಪಕ್ಕದಲ್ಲಿ ಕಂದಕ.

ಟೈರ್ ಬಗ್ಗೆ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಎತ್ತರದಲ್ಲಿ ಗೇಜ್ ಜಾಸ್ತಿ ತೋರಿಸುತ್ತದೆ ಅಂತ ಗಾಳಿ ಬಿಡುವವರಿದ್ದಾರೆ. ಊರಲ್ಲಿ 33 ಹಾಕಿದ್ದು ತಂಗ್‌ಲಂಗ್ ಲಾದಲ್ಲಿ, ಬಿಸಿ ಅಷ್ಟೇ ಇದ್ದರೆ, 39ರ ಹತ್ತಿರ ತೋರಿಸಬೇಕು. ಆದರೆ ಚಳಿಗೆ ಒಳಗಿನ ಗಾಳಿ ಕುಗ್ಗುತ್ತದೆ. 30 ಡಿಗ್ರಿಯಿಂದ 5 ಡಿಗ್ರಿಗೆ ಬಂದರೆ ಗೇಜ್ 35ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮುಟ್ಟಬೇಡಿ. ಮುಟ್ಟಿದರೆ ಪಂಜಾಬಿಗೆ ಇಳಿದಾಗ ಟೈರ್ ಕುಸಿದಿರುತ್ತದೆ.

ಈಗ ದಾರಿ. ನಿಮ್ಮ ಕಾರಿಗೆ ನಾನು ಶ್ರೀನಗರದ ಮೇಲೆ ಹೋಗಿ ಮನಾಲಿಯ ಮೇಲೆ ಬನ್ನಿ ಅನ್ನುತ್ತೇನೆ. ಮೊದಲು ಜೋಜಿ ಲಾ, 3,528 ಮೀಟರ್. ಆಮೇಲೆ ಕಾರ್ಗಿಲ್, 2,676ಕ್ಕೆ ಇಳಿದು ಮಲಗುತ್ತೀರಿ. ಮರುದಿನ ನಮಿಕಾ ಲಾ, ಫೋಟು ಲಾ. ಈ ದಾರಿಯ ಅತಿ ಎತ್ತರ ಫೋಟು ಲಾ, 4,108 ಮೀಟರ್. ಆಮೇಲೆ ಲೇಹ್, 3,500. ಕಾರಿಗೂ ನಿಮಗೂ ಎತ್ತರ ಸ್ವಲ್ಪ ಸ್ವಲ್ಪವೇ ಸಿಗುತ್ತದೆ. ಮನಾಲಿ ಕಡೆಯಿಂದ ಹೊರಟರೆ 2,050 ಮೀಟರಿನಿಂದ ಎದ್ದು ಎರಡೇ ದಿನದಲ್ಲಿ ಬಾರಾಲಾಚಾ, ನಕೀ ಲಾ, ಲಾಚುಂಗ್ ಲಾ, ತಂಗ್‌ಲಂಗ್ ಲಾ ಸಾಲಾಗಿ ಬರುತ್ತವೆ. ರಾತ್ರಿ ಸರ್ಚುವಿನಲ್ಲಿ, ಸುಮಾರು 4,300 ಮೀಟರಿನಲ್ಲಿ ಮಲಗಿದವರು ಬೆಳಗ್ಗೆ ಏಳುವ ಸ್ಥಿತಿ ನೋಡಬೇಕು. ವೈದ್ಯರು ಹೇಳುವುದು ಏನೆಂದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮನಾಲಿ–ಸರ್ಚು ಅದನ್ನು ಎಲ್ಲೋ ಮೀರುತ್ತದೆ.

ಕಾರಿನ ಕಡೆಯಿಂದ ನೋಡಿದರೆ ಇನ್ನೂ ದೊಡ್ಡ ಲಾಭ ಇದೆ. ಲೇಹ್‌ನಲ್ಲಿ ಮೆಕ್ಯಾನಿಕ್‌ಗಳಿದ್ದಾರೆ, ಸ್ಪೇರ್ ಸಿಗುತ್ತದೆ, ನೀವೂ ಎರಡು ದಿನ ಸುಮ್ಮನೆ ಮಲಗಲೇಬೇಕು. ಕಾರನ್ನು ಅಲ್ಲಿ ತೋರಿಸಿ. ವಾಪಸ್ ಬರುವಾಗ ತಂಗ್‌ಲಂಗ್ ಲಾ ಮೊದಲನೇ ಪಾಸ್, ಲೇಹ್‌ನಿಂದ ಸುಮಾರು 110 ಕಿಲೋಮೀಟರ್. ಆ ಏರಿನಲ್ಲಿ ಕಾರು ಕೈಕೊಡುವ ಲಕ್ಷಣ ಕಂಡರೆ ತಿರುಗಿಸಿ, ಇಳಿಜಾರಿನಲ್ಲೇ ಲೇಹ್ ಸೇರುತ್ತೀರಿ, ಬಂದ ದಾರಿಯಲ್ಲೇ ಶ್ರೀನಗರಕ್ಕೆ ಮರಳುತ್ತೀರಿ. ಮನಾಲಿಯಿಂದ ಹೋದರೆ ಅದೇ ತಂಗ್‌ಲಂಗ್ ಲಾ ಕೊನೆಯ ಪಾಸ್. ಅಲ್ಲಿ ಹೀಟ್ ಆದರೆ ಹಿಂದೆಯೂ ಬೆಟ್ಟ, ಮುಂದೆಯೂ ಬೆಟ್ಟ. ಮುಳ್ಳು ಕೆಂಪಿಗೆ ಬಂದರೆ, ಕೂಲಂಟ್ ಒಂದು ಲೀಟರಿಗಿಂತ ಜಾಸ್ತಿ ಕುಡಿದರೆ ತಿರುಗುವುದು ಅಂತ ನಾಲ್ವರೂ ಊರಲ್ಲೇ ಮಾತಾಡಿಕೊಳ್ಳಿ. ಅಲ್ಲಿ ಹೋಗಿ ಚರ್ಚೆ ಮಾಡಿದರೆ ಗಟ್ಟಿ ದನಿ ಇರುವವನು ಗೆಲ್ಲುತ್ತಾನೆ.

ಚಿತ್ರದುರ್ಗದಿಂದ ಜಮ್ಮುವಿಗೆ ಹೋಗುವಾಗ ದೆಹಲಿ ಮುಟ್ಟಬೇಡಿ. ದೆಹಲಿ ಮತ್ತು ಸುತ್ತಲಿನ ಎನ್‌ಸಿಆರ್‌ನಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಆಮೇಲೆ ಆ ನಿಯಮ ಕೋರ್ಟಿನಲ್ಲಿ ಬದಲಾಗುತ್ತಲೇ ಇದೆ. ನಿಮ್ಮ ಕಾರು ಆ ವಯಸ್ಸು ದಾಟಿದೆ. ಎನ್‌ಸಿಆರ್ ಅಂದರೆ ಬರೀ ದೆಹಲಿಯಲ್ಲ, ಗುರುಗ್ರಾಮ, ಪಾಣಿಪತ್, ಕರ್ನಾಲ್, ಅಲ್ವರ್ ಎಲ್ಲ ಸೇರುತ್ತವೆ. ಹುಬ್ಬಳ್ಳಿ, ಪುಣೆ, ಅಹಮದಾಬಾದ್, ಅಲ್ಲಿಂದ ರಾಜಸ್ಥಾನದ ಬಿಕಾನೇರ್, ಬಠಿಂಡಾ, ಅಮೃತಸರ, ಪಠಾಣ್‌ಕೋಟ್ ಹೀಗೆ ಹೋಗಿ. ರಸ್ತೆಯೂ ಚೆನ್ನಾಗಿದೆ. ನಿಮ್ಮ ಹೊಸ ರೇಡಿಯೇಟರ್‌ಗೆ ಎರಡನೇ ಪರೀಕ್ಷೆ ಈ ರಾಜಸ್ಥಾನದ ಬಿಸಿಲು. ಅಲ್ಲಿ ಮುಳ್ಳು ಏರಿದರೆ ಜಮ್ಮುವಿನಲ್ಲಿ ಗ್ಯಾರೇಜ್ ಹುಡುಕಿ, ಜೋಜಿ ಲಾ ಹತ್ತಿರ ಅಲ್ಲ.

ಸೆಪ್ಟೆಂಬರ್ ಆರಿಸಿದ್ದು ಜಾಣತನ. ಜುಲೈ, ಆಗಸ್ಟ್‌ನಲ್ಲಿ ಮಂಡಿ–ಕುಲು ಭಾಗದಲ್ಲಿ ಗುಡ್ಡ ಕುಸಿಯುತ್ತದೆ. ಹಿಮ ಕರಗಿ ರಸ್ತೆ ಮೇಲೆ ಹರಿಯುವ ನಾಲಾಗಳೂ ಸೆಪ್ಟೆಂಬರಿಗೆ ಇಳಿದಿರುತ್ತವೆ. ಆದರೂ ನಾಲಾ ಇರುವ ಜಾಗವನ್ನು ಬೆಳಗ್ಗೆಯೇ ದಾಟಿ. ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ನೀರು ಏರುತ್ತದೆ. ಫಸ್ಟ್ ಗೇರ್, ಒಂದೇ ವೇಗ, ನಡುವೆ ಕ್ಲಚ್ ಒತ್ತಬೇಡಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಳಿದು ತಳ್ಳಿ.

ಡೀಸೆಲ್ ಲೇಹ್‌ನಲ್ಲಿ ಟ್ಯಾಂಕ್ ತುಂಬಿಸಿ, ದಾರಿಯಲ್ಲಿ ಸಿಗುವ ಕಾರು ಅನ್ನುವ ಊರಿನಲ್ಲಿ ಇನ್ನೊಮ್ಮೆ ಅಂಚಿನವರೆಗೆ ತುಂಬಿಸಿ. ಅಲ್ಲಿಂದ ಕೇಲಾಂಗ್ ದಾಟಿ ತಾಂಡಿಯ ಬಂಕ್‌ವರೆಗೆ ಬೇರೆ ಬಂಕ್ ನಂಬಬೇಡಿ. ತಾಂಡಿಯಲ್ಲಿ ‘ಮುಂದಿನ ಬಂಕ್ 365 ಕಿಲೋಮೀಟರ್’ ಅಂತ ಬರೆದ ಬೋರ್ಡು ತುಂಬಾ ಹೆಸರುವಾಸಿ. 40 ಲೀಟರಿನ ಟ್ಯಾಂಕಿದ್ದರೆ, ಮೈಲೇಜ್ 13ಕ್ಕೆ ಬಿದ್ದರೂ 500 ಬರುತ್ತದೆ. ಕ್ಯಾನ್ ಹೊತ್ತುಕೊಂಡು ಹೋಗುವ ಶೋಕಿ ಬೇಡ. ತಾಂಡಿಯಿಂದ ಮುಂದೆ 2020ರಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗ ಇದೆ, ರೋಹ್ತಾಂಗ್ ಹತ್ತುವ ಕೆಲಸವೇ ಇಲ್ಲ.

ದಾರಿಯಲ್ಲಿ ಹೀಟ್ ಆದರೆ ಏನು ಮಾಡಬೇಕು? ಎಸಿ ಆಫ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನು ಒಳಗೆ ಎಳೆದು ಹಾಕುತ್ತದೆ. ಗಾಳಿ ಬರುವ ಕಡೆಗೆ ಮುಖ ಮಾಡಿ ನಿಲ್ಲಿಸಿ. ಕೂಲಂಟ್ ಸೋರಿಲ್ಲ, ಬೆಲ್ಟ್ ಇದೆ ಅಂದರೆ ಎಂಜಿನ್ ಆಫ್ ಮಾಡದೆ 1,500 ಆರ್‌ಪಿಎಂನಲ್ಲಿ ಇಡಿ. ಪಂಪ್ ತಿರುಗುತ್ತಿದ್ದರೆ ಬಿಸಿ ಹೊರಗೆ ಹೋಗುತ್ತದೆ. ನೀರು ಸುರಿದು ಹೋಗಿದ್ದರೆ, ಬೆಲ್ಟ್ ತುಂಡಾಗಿದ್ದರೆ, ಆ ಕ್ಷಣವೇ ಆಫ್. ಕ್ಯಾಪನ್ನು ಬಿಸಿ ಇರುವಾಗ ಮುಟ್ಟಬೇಡಿ. ಎತ್ತರದಲ್ಲಿ ಒಳಗಿನ ಒತ್ತಡ ಇಳಿದರೆ ಕೂಲಂಟ್ ಇನ್ನೂ ಜೋರಾಗಿ ಚಿಮ್ಮುತ್ತದೆ. ಮೇಲಿನ ಮತ್ತು ಕೆಳಗಿನ ಹೋಸ್ ತಲಾ ಒಂದು, ಕ್ಲಿಪ್ಪುಗಳು, ಬೆಲ್ಟ್, ಐದು ಲೀಟರ್ ಬೆರೆಸಿದ ಕೂಲಂಟ್, ಎಂಜಿನ್ ಆಯಿಲ್, ಎಂ-ಸೀಲ್, ಕಟ್ಟುತಂತಿ, ಎಳೆಯುವ ಹಗ್ಗ, ಜಂಪರ್ ಕೇಬಲ್, ಟೈರ್ ಪಂಪ್ ಇಷ್ಟು ಡಿಕ್ಕಿಯಲ್ಲಿರಲಿ. ಅಡಿಯಲ್ಲಿ ಕಬ್ಬಿಣದ ಸಂಪ್ ಗಾರ್ಡ್ ಹಾಕಿಸಿ. ಬ್ಯಾಟರಿ ಮೂರು ವರ್ಷ ದಾಟಿದ್ದರೆ ಹೊಸದು ಹಾಕಿ, ಚಳಿಯಲ್ಲಿ ಮೊದಲು ಸಾಯುವುದು ಅದೇ. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಗ್ಲೋ ಪ್ಲಗ್ ದೀಪ ಆರುವವರೆಗೆ ಕಾಯಿರಿ, ಬೇಕಾದರೆ ಎರಡು ಸಲ. ರಾತ್ರಿ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಒದ್ದೆಯಾದ ಬ್ರೇಕ್ ಚಳಿಗೆ ಹಿಡಿದುಕೊಂಡುಬಿಡುತ್ತದೆ.

ಫೋನ್ ವಿಷಯ ಎರಡೇ ಮಾತು. ನಮ್ಮ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರ, ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಇಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಲೇಹ್–ಮನಾಲಿ ದಾರಿಯಲ್ಲಿ ಉಪ್ಶಿಯಿಂದ ಜಿಸ್ಪಾವರೆಗೆ ಸಿಗ್ನಲ್ ಬಂದರೆ ಬಂತು ಅಂದುಕೊಳ್ಳಿ, ಮನೆಯವರಿಗೆ ಮೊದಲೇ ಹೇಳಿಡಿ.

ಮನುಷ್ಯರಿಗೂ ಇದೇ ಲೆಕ್ಕ. ಮೆಟ್ಟಿಲು ಹತ್ತಿದರೆ ಏದುಸಿರು, ನಿದ್ದೆ ಸರಿಯಾಗಿ ಬಾರದಿರುವುದು ಎತ್ತರದ್ದು. ತಲೆನೋವಿನ ಜೊತೆ ವಾಂತಿ ಬಂದರೆ ಅಂದು ಮೇಲೆ ಹೋಗಬಾರದು. ನಡೆಯುವಾಗ ತೂರಾಡಿದರೆ, ಮಾತು ತಡವರಿಸಿದರೆ, ಕೂತಲ್ಲೇ ಉಸಿರು ಸಿಗದಿದ್ದರೆ ರಾತ್ರಿಯಾದರೂ ಸರಿ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಿ. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರು ಅಂತ ನುಂಗಬೇಡಿ, ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಇನ್ನು, ಬ್ಲಾಕ್ ಟೆಸ್ಟ್‌ನಲ್ಲಿ ದ್ರವದ ಬಣ್ಣ ಬದಲಾಯಿತು, ಹೆಡ್ ಕೆಲಸಕ್ಕೆ ಈಗ ದುಡ್ಡಿಲ್ಲ ಅಂದರೆ ಕಾರು ಬಿಟ್ಟು ಹೋಗಿ. ರೈಲಿನಲ್ಲಿ ಜಮ್ಮು ಸೇರಿ, ಶ್ರೀನಗರದಿಂದ ಅಲ್ಲಿನ ಟ್ಯಾಕ್ಸಿ ಹಿಡಿಯಿರಿ. ಚಂಡೀಗಢದಲ್ಲೋ ದೆಹಲಿಯಲ್ಲೋ ಸೆಲ್ಫ್ ಡ್ರೈವ್ ಬಾಡಿಗೆ ಕಾರು ತೆಗೆದುಕೊಂಡು ಹೋಗೋಣ ಅಂತ ನಿಮ್ಮ ಗೆಳೆಯರು ಹೇಳಬಹುದು. ಅದು ಬೇಡ. ಹೊರಗಿನ ಬಾಡಿಗೆ ಕಾರುಗಳನ್ನು ಲಡಾಖ್‌ನ ಟ್ಯಾಕ್ಸಿಯವರು ಓಡಾಡಲು ಬಿಡುವುದಿಲ್ಲ, ಲೇಹ್ ತಲುಪಿದ ಮೇಲೆ ಆ ಕಾರು ಹೋಟೆಲ್ ಮುಂದೆ ನಿಲ್ಲಬೇಕಾಗುತ್ತದೆ.